ಗ್ರಾಮಸಭೆಗೆ ಮುಂಚೆ ವಾಟ್ಸಾಪ್‌ನಲ್ಲಿ ಅಭಿಪ್ರಾಯ ಸಂಗ್ರಹ: ಅದನ್ನು ಊರಿನ ತೀರ್ಮಾನ ಎನ್ನಬಹುದೇ?

ಪ್ರಶ್ನೆ (ಬಯಲುಸೀಮೆ ಓದುಗ):

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯತಿಯಲ್ಲಿ ಗ್ರಾಮಸಭೆ ಕಾನೂನಿನಂತೆ ಆರು ತಿಂಗಳಿಗೊಮ್ಮೆ ನಡೆಯುತ್ತಿದೆ. ಆದರೆ ಬರುವವರಲ್ಲಿ ಹೆಚ್ಚಿನವರು ಮನೆ ಮಂಜೂರಾತಿಯ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಲು ಬಂದವರು. ಆ ವಿಷಯ ಮುಗಿದ ಕೂಡಲೇ ಎದ್ದು ಹೋಗುತ್ತಾರೆ. ಮುಂದಿನ ವರ್ಷದ ಕ್ರಿಯಾ ಯೋಜನೆಯ ಚರ್ಚೆಗೆ ಬರುವ ಹೊತ್ತಿಗೆ ಅಲ್ಲಿ ಉಳಿದಿರುವವರು ಸದಸ್ಯರು ಮತ್ತು ಇಲಾಖೆಗಳ ಸಿಬ್ಬಂದಿ ಮಾತ್ರ. ಬೆಂಗಳೂರಿಗೆ ದುಡಿಯಲು ಹೋದ ಯುವಕರಿಗೆ ಸಭೆ ನಡೆದದ್ದೇ ತಿಳಿಯುವುದಿಲ್ಲ.

ಅರಿವು ಕೇಂದ್ರದಲ್ಲಿ (ಪಂಚಾಯತಿಯ ಗ್ರಂಥಾಲಯದಲ್ಲಿ) ಸೇರುವ ನಾವು ಕೆಲವು ಗೆಳೆಯರು ಒಂದು ಯೋಜನೆ ಹಾಕಿಕೊಂಡಿದ್ದೇವೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಚರಂಡಿ, ಕುಡಿಯುವ ನೀರು, ಶಾಲೆಯ ಕಾಂಪೌಂಡ್, ಸ್ಮಶಾನದ ದಾರಿ ಇವುಗಳಲ್ಲಿ ಯಾವುದು ಮೊದಲಾಗಬೇಕೆಂದು ಮತ ಕೇಳಿ, ಬಂದ ಫಲಿತಾಂಶವನ್ನು ಊರಿನ ಅಭಿಪ್ರಾಯವೆಂದು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಕೊಡುವುದು. ಇದು ಸರಿಯಾದ ದಾರಿಯೇ? ಇದಕ್ಕೆ ಕಾನೂನಿನ ಬಲ ಇರುತ್ತದೆಯೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ನಿವೃತ್ತ ಕಾರ್ಯದರ್ಶಿ):

ತಮ್ಮ ಕಾಳಜಿಗೆ ಅಭಿನಂದನೆ. ಮೊದಲು ಕಾನೂನಿನ ಮಾತು. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲಿ ಕಾಮಗಾರಿಗಳ ಪ್ರಸ್ತಾವ ಹುಟ್ಟಬೇಕಾದದ್ದು, ಅವುಗಳ ಆದ್ಯತೆ ನಿಗದಿಯಾಗಬೇಕಾದದ್ದು ವಾರ್ಡ್ ಸಭೆಯಲ್ಲಿ. ಅಲ್ಲಿಂದ ಅವು ಗ್ರಾಮಸಭೆಗೆ ಬರಬೇಕು. ಗ್ರಾಮಸಭೆಯ ಕೋರಂ (ಹಾಜರಿರಬೇಕಾದ ಕನಿಷ್ಠ ಸಂಖ್ಯೆ) ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ವಾಟ್ಸಾಪ್ ಗುಂಪಿನ ಸದಸ್ಯರು ಯಾರೆಂಬುದನ್ನು ನಿರ್ಧರಿಸುವವರು ಮಾತ್ರ ಆ ಗುಂಪಿನ ಅಡ್ಮಿನ್. ಹೀಗಾಗಿ ತಾವು ಸಂಗ್ರಹಿಸುವ ಮತಗಳಿಗೆ ಒಂದು ಮನವಿಯ ತೂಕವಿದೆಯೇ ಹೊರತು ನಿರ್ಣಯದ ತೂಕವಿಲ್ಲ. ಹಾಗೊಂದು ತೂಕ ಬರಬೇಕೆಂದೂ ನಾನು ಬಯಸುವುದಿಲ್ಲ, ಏಕೆಂದರೆ ಸಭೆಗೆ ಬಾರದೆಯೇ ತೀರ್ಮಾನವಾಗುತ್ತದೆ ಎಂದಾದರೆ ಈಗ ಬರುತ್ತಿರುವ ಅಷ್ಟು ಜನರೂ ಬರುವುದನ್ನು ನಿಲ್ಲಿಸುತ್ತಾರೆ.

ಹಾಗೆಂದು ಮೊಬೈಲಿನಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರಯೋಜನ ಇರುವುದು ಬೇರೆ ಕಡೆ. ಜನ ಗ್ರಾಮಸಭೆಗೆ ಬಾರದಿರುವುದಕ್ಕೆ ಸಮಯವಿಲ್ಲದಿರುವುದು ಒಂದು ಕಾರಣ ಮಾತ್ರ. ಹಿಂದಿನ ಸಭೆಯಲ್ಲಿ ಬರೆದುಕೊಂಡ ಬೇಡಿಕೆ ಏನಾಯಿತು ಎಂದು ಯಾರೂ ಅವರಿಗೆ ಹೇಳಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ನಡಾವಳಿ ಪುಸ್ತಕ ಕಚೇರಿಯ ಬೀರುವಿನಲ್ಲಿರುತ್ತದೆ. ಸಭೆಗೆ ಹದಿನೈದು ದಿನ ಮುಂಚೆಯೇ ಹಿಂದಿನ ನಡಾವಳಿಯ ಪುಟಗಳನ್ನೂ, ಮಂಜೂರಾದ ಕಾಮಗಾರಿಗಳ ಅಂದಾಜು ಮೊತ್ತವನ್ನೂ, ಪಾವತಿಯಾದ ಹಣವನ್ನೂ ಅದೇ ಗುಂಪಿನಲ್ಲಿ ಹಾಕಿ ನೋಡಿ. ಇವು ಗುಟ್ಟಿನ ದಾಖಲೆಗಳಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ಯಾರೂ ಕೇಳದಿದ್ದರೂ ಸರ್ಕಾರಿ ಸಂಸ್ಥೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕೆಂದು, ಅದನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ತಲುಪಿಸಬೇಕೆಂದು ಹೇಳುತ್ತದೆ. ರಾಜ್ಯ ಸರ್ಕಾರದ ಮಾಹಿತಿ ಕಣಜ ಜಾಲತಾಣ, ಕೇಂದ್ರದ ಇ-ಗ್ರಾಮ ಸ್ವರಾಜ್ ಇವುಗಳಲ್ಲಿ ಪಂಚಾಯತಿವಾರು ವಿವರಗಳಿವೆ. ಆದರೆ ಅಲ್ಲಿನ ಕೋಷ್ಟಕಗಳನ್ನು ನೋಡಿ ಇದು ನಮ್ಮ ಬೀದಿಯ ಚರಂಡಿ ಎಂದು ಗುರುತಿಸುವುದು ಓದುಬರಹ ಬಲ್ಲವರಿಗೂ ಕಷ್ಟ. ತಮ್ಮಂತಹ ಯುವಕರು ಮಾಡಬೇಕಾದ ಕೆಲಸ ಅಲ್ಲಿದೆ.

ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯನ್ನೂ ಮರೆಯಬೇಡಿ. ಪಂಚಾಯತಿಯ ಹಿಂದಿನ ವರ್ಷದ ಲೆಕ್ಕವನ್ನು ಸಾರ್ವಜನಿಕರ ಮುಂದೆ ತೆರೆದಿಡುವ ಸಂದರ್ಭವದು, ಅಲ್ಲಿಗೆ ಬರುವವರು ಇನ್ನೂ ಕಡಿಮೆ.

ಉತ್ತರ 2 (ಸ್ವಸಹಾಯ ಸಂಘಗಳ ಒಕ್ಕೂಟದ ಸದಸ್ಯೆ):

ಕಾರ್ಯದರ್ಶಿಯವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಆ ಗುಂಪಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಎಂದಾದರೂ ಇಂಟರ್ನೆಟ್ ಬಳಸಿದ್ದ ಮಹಿಳೆಯರು ನೂರಕ್ಕೆ ಸುಮಾರು 25, ಪುರುಷರು ಸುಮಾರು 49. ಆ ನಂತರ ಫೋನುಗಳು ಹೆಚ್ಚಿರಬಹುದು. ಆದರೂ ಎಷ್ಟೋ ಮನೆಗಳಲ್ಲಿ ಇರುವ ಒಂದು ಸ್ಮಾರ್ಟ್‌ಫೋನ್ ಹಗಲೆಲ್ಲ ಗಂಡನ ಅಥವಾ ಮಗನ ಕೈಯಲ್ಲಿರುತ್ತದೆ. ಅಂತಹ ಗುಂಪಿನಲ್ಲಿ ಮತ ಕೇಳಿದರೆ ನೀರಿನ ಟ್ಯಾಂಕ್ ಎಲ್ಲಿ ಬರಬೇಕೆಂಬುದನ್ನು ದಿನವೂ ಕೊಡ ಹೊರುವವರನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸಿದಂತಾಗುತ್ತದೆ. ಸ್ಮಶಾನದ ದಾರಿಯ ವಿಷಯವನ್ನು ತಾವೇ ಬರೆದಿದ್ದೀರಿ. ಅದು ಬಹುತೇಕ ಊರುಗಳಲ್ಲಿ ಪರಿಶಿಷ್ಟರ ಕೇರಿಯ ಬೇಡಿಕೆ. ಬಹುಮತದ ಎಣಿಕೆಯಲ್ಲಿ ಅದು ಎಂದಿಗೂ ಮೊದಲ ಸ್ಥಾನಕ್ಕೆ ಬರುವುದಿಲ್ಲ. ಎದುರುಬದುರು ಕುಳಿತ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು, ಮಳೆಗಾಲದಲ್ಲಿ ಹೆಣ ಹೊತ್ತು ಗದ್ದೆಯ ಬದುವಿನ ಮೇಲೆ ನಡೆಯುವ ಪಾಡನ್ನು ಹೇಳಿದಾಗ ಕೇಳಿದವರ ಮನಸ್ಸು ಬದಲಾಗುವ ಸಾಧ್ಯತೆಯಾದರೂ ಇರುತ್ತದೆ.

ನರೇಗಾ ಕೆಲಸದಲ್ಲಿ ನಾವು ಕಂಡದ್ದನ್ನೂ ಇಲ್ಲಿ ಹೇಳಲೇಬೇಕು. ಸಾಮೂಹಿಕ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಮೂಲಕ ದಿನಕ್ಕೆರಡು ಬಾರಿ ಫೋಟೋ ತೆಗೆದು ಹಾಜರಿ ಹಾಕುವುದನ್ನು ಕಡ್ಡಾಯ ಮಾಡಿದರು. ಸುಳ್ಳು ಹಾಜರಿ ತಪ್ಪಿಸಬೇಕೆಂಬ ಉದ್ದೇಶ ನ್ಯಾಯವಾದದ್ದೇ. ಆದರೆ ನೆಟ್‌ವರ್ಕ್ ಸಿಗದ ದಿನ ಬೆವರು ಸುರಿಸಿ ಮಣ್ಣು ಹೊತ್ತವಳ ಹಾಜರಿ ಬೀಳದೇ ಹೋದರೆ, ಅದನ್ನು ಹೇಳಿಕೊಳ್ಳಲು ಆ ಆ್ಯಪ್‌ನಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಫೋನ್ ಕೆಲಸದ ಮೇಲ್ವಿಚಾರಕನಾದ ಮೇಟ್‌ನದು, ಲಾಗಿನ್ ಮೇಟ್‌ನದು. ಅತ್ತ ಫೋಟೋದ ಫೋಟೋ ತೆಗೆದು ಹಾಕುವಂತಹ ಮೋಸಗಳೂ ನಿಲ್ಲಲಿಲ್ಲ ಎಂಬುದನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರಲ್ಲಿ ರಾಜ್ಯಗಳಿಗೆ ಬರೆದು ತಿಳಿಸಿತು. ಜನರ ಮೇಲೆ ಕಣ್ಣಿಡುವ ತಂತ್ರಜ್ಞಾನಕ್ಕೆ ಹಣವೂ ಆದೇಶವೂ ಬೇಗ ಸಿಗುತ್ತವೆ. ಜನರು ಆಡಳಿತದ ಮೇಲೆ ಕಣ್ಣಿಡುವ ತಂತ್ರಜ್ಞಾನಕ್ಕೆ ಅದೇ ಆತುರ ಕಾಣುವುದಿಲ್ಲ. ತಮ್ಮ ಗೆಳೆಯರ ಬಳಗ ಈ ಎರಡನೆಯದರ ಕಡೆಗೆ ನಿಲ್ಲಲಿ.

ಒಂದು ಸಲಹೆ ಇದೆ. ಸಂಘದ ವಾರದ ಸಭೆಗಳಲ್ಲಿ ಹೇಗಿದ್ದರೂ ನಾವು ಸೇರುತ್ತೇವೆ. ಅಲ್ಲಿ ಬಂದು ಕೇಳಿ, ಹೇಳಿದ್ದನ್ನು ಧ್ವನಿ ಸಂದೇಶವಾಗಿ ಮುದ್ರಿಸಿಕೊಂಡು, ಒಪ್ಪಿಗೆ ಕೊಟ್ಟವರದ್ದನ್ನು ಮಾತ್ರ ಊರಿನ ಗುಂಪಿನಲ್ಲಿ ಕೇಳಿಸಿ. ಮಹಿಳಾ ಗ್ರಾಮಸಭೆಗೂ ಅದೇ ಆಧಾರವಾಗುತ್ತದೆ.

ಉತ್ತರ 3 (ದೂರದ ಕನ್ನಡಿಗ):

ಸಾಫ್ಟ್‌ವೇರ್ ಉದ್ಯೋಗದಲ್ಲಿರುವವನಾಗಿ ಒಂದು ವಿಷಯವನ್ನಷ್ಟೇ ಸೇರಿಸುತ್ತೇನೆ. ನಮ್ಮ ರಾಜ್ಯ ಸೇವೆ ಒದಗಿಸುವ ತಂತ್ರಜ್ಞಾನದಲ್ಲಿ ಹಿಂದೆ ಬಿದ್ದಿಲ್ಲ. 2000ದ ಆಸುಪಾಸಿನಲ್ಲಿಯೇ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತೆ ಮಾಡಲಾಯಿತು. 2012ರ ಏಪ್ರಿಲ್‌ನಲ್ಲಿ ಆರಂಭವಾದ ಸಕಾಲ ಸೇವಾ ಯೋಜನೆಯಲ್ಲಿ ಅರ್ಜಿಗೊಂದು ಸಂಖ್ಯೆ, ವಿಲೇವಾರಿಗೊಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರದ ಹಕ್ಕು ಬಂದವು. ಮೊತ್ತ ಚಿಕ್ಕದಾದರೂ ಅಧಿಕಾರಿ ಉತ್ತರ ಕೊಡಲೇಬೇಕಾದ ಸ್ಥಿತಿ ಅದರಿಂದ ಹುಟ್ಟಿತು. ಜಾತಿ ಪ್ರಮಾಣಪತ್ರ ಕೇಳಿದವನಿಗೆ ಇರುವ ಈ ಹಕ್ಕು, ಗ್ರಾಮಸಭೆಯಲ್ಲಿ ಚರಂಡಿ ಕೇಳಿದವನಿಗೆ ಇಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ನಿಜವಾದ ಕೊರತೆ.

ತೈವಾನ್ ಸರ್ಕಾರದ ಜಾಯಿನ್ ಎಂಬ ಜಾಲತಾಣದಲ್ಲಿ ಒಂದು ಮನವಿಗೆ 5,000 ಜನರ ಬೆಂಬಲ ದೊರೆತರೆ ಸಂಬಂಧಪಟ್ಟ ಇಲಾಖೆ ಎರಡು ತಿಂಗಳೊಳಗೆ ಲಿಖಿತವಾಗಿ ಉತ್ತರಿಸಬೇಕು. ಬ್ರಿಟನ್ ಸಂಸತ್ತಿನ ಮನವಿ ತಾಣದಲ್ಲಿ 10,000 ಸಹಿ ದಾಟಿದರೆ ಸರ್ಕಾರ ಉತ್ತರಿಸುತ್ತದೆ, 1,00,000 ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ನಮ್ಮಲ್ಲಿ 2020ರಲ್ಲಿ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡಿಗೆ ಲಕ್ಷಾಂತರ ಜನ ಇಮೇಲ್ ಮೂಲಕ ಅಭಿಪ್ರಾಯ ಕಳುಹಿಸಿದರು. ಕರಡು ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆದೇಶಿಸಬೇಕಾಯಿತು. ಪಶ್ಚಿಮ ಘಟ್ಟದ ಊರಿನವರು ತಮ್ಮ ಕಾಡು, ಹೊಳೆಗಳ ಕುರಿತ ನಿಯಮವನ್ನು ಕನ್ನಡದಲ್ಲಿ ಓದುವುದಕ್ಕೆ ನ್ಯಾಯಾಲಯದ ಮೊರೆ ಬೇಕಾಯಿತೆಂಬುದು ನೋವಿನ ಸಂಗತಿ. ಆದ್ದರಿಂದ ತಾವು ಏನನ್ನೇ ರೂಪಿಸಿದರೂ, ಯಾರು, ಎಷ್ಟು ದಿನದೊಳಗೆ ಉತ್ತರಿಸಬೇಕು ಎಂಬ ಸಾಲನ್ನು ಮೊದಲು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು (ಬಯಲುಸೀಮೆ ಓದುಗ):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮತ ಸಂಗ್ರಹದ ಯೋಚನೆಯನ್ನು ಕೈಬಿಟ್ಟು, ಹಿಂದಿನ ಎರಡು ಗ್ರಾಮಸಭೆಗಳ ಬೇಡಿಕೆಗಳ ಸ್ಥಿತಿಗತಿಯನ್ನು ಪ್ರಕಟಿಸುವ ಕೆಲಸದಿಂದ ಆರಂಭಿಸಲು ನಿರ್ಧರಿಸಿದ್ದೇವೆ. ಒಂದು ಸಂದೇಹ ಉಳಿದಿದೆ. ಪಟ್ಟಿಯನ್ನು ಮೊಬೈಲಿನಲ್ಲಿ ಹಾಕಿದರೆ ಸಾಕೇ, ಫೋನ್ ಇಲ್ಲದವರಿಗೆ ಏನು ಮಾಡಬೇಕು?

ಉತ್ತರ 4 (ನಿವೃತ್ತ ಕಾರ್ಯದರ್ಶಿ):

ಸಾಲದು, ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ನಡೆಸಿದ ಮೊದಲ ಜನಸುನವಾಯಿಯಲ್ಲಿ (ಸಾರ್ವಜನಿಕ ವಿಚಾರಣಾ ಸಭೆಯಲ್ಲಿ) ಕಂಪ್ಯೂಟರ್ ಇರಲಿಲ್ಲ. ಪಂಚಾಯತಿಯ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಊರವರ ಮುಂದೆ ಓದಿದರು, ಕೆಲಸವನ್ನೇ ಮಾಡದವರ ಹೆಸರುಗಳು ಅಲ್ಲಿ ಬೆಳಕಿಗೆ ಬಂದವು. ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದು ಅಂತಹ ಸಭೆಗಳಿಂದ. ಅದೇ ರಾಜಸ್ಥಾನದಲ್ಲಿ 2019ರಲ್ಲಿ ಸರ್ಕಾರಿ ಯೋಜನೆಗಳ ಮಾಹಿತಿಯನ್ನು ಜನರ ಮುಂದಿಡುವ ಜನ ಸೂಚನಾ ಪೋರ್ಟಲ್ ಬಂದಾಗ ಅದರ ಹಿಂದೆ ಆ ಅನುಭವವಿತ್ತು.

ತಾವು ಪ್ರತಿ ಬೇಡಿಕೆಗೂ ಐದು ವಿವರ ಬರೆಯಿರಿ: ಕೇಳಿದ್ದು ಯಾವ ವಾರ್ಡ್, ಯಾವ ಸಭೆಯಲ್ಲಿ, ಕ್ರಿಯಾ ಯೋಜನೆಗೆ ಸೇರಿತೇ, ಸೇರದಿದ್ದರೆ ಕಾರಣವೇನು, ಸೇರಿದ್ದರೆ ಎಷ್ಟು ಖರ್ಚಾಯಿತು. ಕೇಳಿದ ವ್ಯಕ್ತಿಯ ಹೆಸರು, ಫೋನ್ ಸಂಖ್ಯೆ, ಆಧಾರ್ ಸಂಖ್ಯೆ ಯಾವುದನ್ನೂ ಹಾಕಬೇಡಿ. ಮುದ್ರಿತ ಪ್ರತಿಯನ್ನು ಅರಿವು ಕೇಂದ್ರ, ಹಾಲಿನ ಡೈರಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗಳಿಗೆ ಅಂಟಿಸಿ. ವಾರ್ಡ್ ಸಭೆಯ ಮೊದಲ ವಿಷಯವಾಗಿ ಈ ಪಟ್ಟಿಯ ಓದನ್ನು ಸೇರಿಸಬೇಕೆಂದು ಪಿಡಿಒ ಅವರಿಗೆ ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆದುಕೊಳ್ಳಿ. ವಾರ್ಡ್ ಸಭೆಯ ದಿನಾಂಕ ಪ್ರಕಟವಾಗುವ ಮೊದಲೇ ಆ ಪತ್ರ ಕಚೇರಿ ಸೇರಿರಬೇಕು.