ಪಿ53–ಎಂಡಿಎಂ2 ತಡೆಯುವ ಪೆಪ್ಟೈಡ್: ಕಂಪ್ಯೂಟರ್ ಕೊಟ್ಟ ಸ್ಕೋರನ್ನು ಎಷ್ಟು ನಂಬಬಹುದು?

ಹೆಲಿಕ್ಸ್_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಯೋಇನ್ಫರ್ಮ್ಯಾಟಿಕ್ಸ್ ಎಂಎಸ್ಸಿ, ಕೊನೆಯ ಸೆಮಿಸ್ಟರ್. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನನ್ನು ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಹಿಡಿದುಕೊಳ್ಳದ ಹಾಗೆ ತಡೆಯುವ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಡಿಸೈನ್ ಮಾಡುವುದು ನನ್ನ ಪ್ರಾಜೆಕ್ಟ್. ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಪಿ53 ಜೀನೇ ಕೆಟ್ಟಿರುತ್ತದೆ. ಉಳಿದ ಹಲವು ಕಡೆ ಪಿ53 ಸರಿಯಾಗಿಯೇ ಇರುತ್ತದೆ, ಆದರೆ ಎಂಡಿಎಂ2 ಜಾಸ್ತಿಯಾಗಿ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ. ಈ ಹಿಡಿತ ತಪ್ಪಿಸಿದರೆ ಪಿ53 ಮತ್ತೆ ಕೆಲಸಕ್ಕೆ ಇಳಿಯುತ್ತದೆ ಅನ್ನುವುದು ಆಸೆ.

ಪಿ53 ತುಂಡು ಎಂಡಿಎಂ2 ಜೊತೆ ಕೂತಿರುವ 1996ರ ರಚನೆ (ಪಿಡಿಬಿ ಅನ್ನುವ ಪ್ರೋಟೀನ್ ರಚನೆಗಳ ಸಂಗ್ರಹದಲ್ಲಿ 1ವೈಸಿಆರ್) ತೆಗೆದುಕೊಂಡೆ. ಅದರಲ್ಲಿರುವ ಪಿ53 ತುಂಡಿನ ಮೂರು ಮುಖ್ಯ ಅಮೈನೋ ಆಮ್ಲಗಳನ್ನು, ಅಂದರೆ ಫಿನೈಲಾಲನಿನ್ 19, ಟ್ರಿಪ್ಟೋಫಾನ್ 23, ಲ್ಯೂಸಿನ್ 26, ಹಾಗೇ ಬಿಟ್ಟು ಮಿಕ್ಕಿದ್ದನ್ನು ಬದಲಿಸಿ ವೀನಾದಲ್ಲಿ ಡಾಕ್ ಮಾಡಿದೆ, ಅಂದರೆ ಎಂಡಿಎಂ2ನಲ್ಲಿ ಹೇಗೆ ಕೂರುತ್ತದೆ ಅಂತ ಊಹಿಸಿ ಸ್ಕೋರ್ ಪಡೆದೆ. ಚೆನ್ನಾಗಿ ಬಂದವನ್ನು ಅಣುಗಳ ಚಲನೆ ಸಿಮ್ಯುಲೇಟ್ ಮಾಡುವ ಗ್ರೋಮ್ಯಾಕ್ಸ್‌ನಲ್ಲಿ 10 ನ್ಯಾನೋಸೆಕೆಂಡ್ ಓಡಿಸಿ, ಹಿಡಿತದ ಶಕ್ತಿ ಅಂದಾಜು ಮಾಡುವ ಎಂಎಂ-ಜಿಬಿಎಸ್ಎ ಲೆಕ್ಕ ಹಾಕಿದೆ. ಮೂಲ ಪೆಪ್ಟೈಡ್‌ಗೆ ಸುಮಾರು −60 ಕಿಲೋಕ್ಯಾಲರಿ ಬಂದರೆ ನನ್ನ ಒಂದು ಪೆಪ್ಟೈಡ್‌ಗೆ −90 ಹತ್ತಿರ ಬಂದಿದೆ. ಇದು ಮೂಲಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ ಅಂತ ಥೀಸಿಸ್‌ನಲ್ಲಿ ಬರೆಯಬಹುದಾ? ನಮ್ಮಲ್ಲಿ ವೆಟ್ ಲ್ಯಾಬ್ ಸೌಲಭ್ಯ ಇಲ್ಲ, ಏನೇ ಮಾಡಿದರೂ ಕಂಪ್ಯೂಟರ್‌ನಲ್ಲೇ ಮಾಡಬೇಕು.

ಟ್ರಜೆಕ್ಟರಿ_ಮಂಜು:

ಈಗಲೇ ಬರೆಯಬೇಡಿ. −90 ಅನ್ನುವುದನ್ನು ಒಮ್ಮೆ ನಿಜವಾದ ಬೈಂಡಿಂಗ್‌ಗೆ ಬದಲಿಸಿ ನೋಡಿ. 25 ಡಿಗ್ರಿಯಲ್ಲಿ ಕೆಡಿ (ಹಿಡಿತದ ಅಳತೆ, ಕಡಿಮೆಯಾದಷ್ಟೂ ಹಿಡಿತ ಗಟ್ಟಿ) 1 ನ್ಯಾನೋಮೋಲಾರ್ ಅಂದರೆ −12.3 ಕಿಲೋಕ್ಯಾಲರಿ ಅಷ್ಟೇ. ಹಿಡಿತ ಹತ್ತು ಪಟ್ಟು ಹೆಚ್ಚಾದಾಗಲೆಲ್ಲ ಸುಮಾರು 1.4 ಕಿಲೋಕ್ಯಾಲರಿ ಸೇರುತ್ತದೆ. ಹಾಗಾಗಿ −60, −90 ಯಾವುದೂ ನಿಜವಾದ ಶಕ್ತಿ ಅಲ್ಲ. ಎಂಟ್ರೋಪಿ (ಅಣು ಓಲಾಡುವ ಸ್ವಾತಂತ್ರ್ಯ ಕಳೆದುಕೊಳ್ಳುವ ಖರ್ಚು) ಬಿಟ್ಟು ಹಾಕಿದ ಲೆಕ್ಕದಲ್ಲಿ ಸಂಖ್ಯೆ ಹೀಗೆ ಉಬ್ಬುವುದು ಮಾಮೂಲು. ಒಂದೇ ಥರದ ಪೆಪ್ಟೈಡ್‌ಗಳನ್ನು ಸಾಲಾಗಿ ನಿಲ್ಲಿಸಿ ಯಾವುದು ಮುಂದೆ, ಯಾವುದು ಹಿಂದೆ ಅಂತ ನೋಡಲು ಮಾತ್ರ ಅದನ್ನು ಬಳಸಬಹುದು, ಅದೂ ನಿಮ್ಮ ಸೆಟಪ್ ಸರಿಯಾದ ಸಾಲು ಕೊಡುತ್ತದೆ ಅಂತ ಮೊದಲು ತೋರಿಸಿದರೆ.

ಇನ್ನು ವೀನಾ. ಅದು ಸಣ್ಣ ಅಣುಗಳಿಗೆ ಮಾಡಿದ ಪ್ರೋಗ್ರಾಂ. 13 ಅಮೈನೋ ಆಮ್ಲಗಳ ಪೆಪ್ಟೈಡ್‌ನಲ್ಲಿ ತಿರುಗುವ ಬಾಂಡ್‌ಗಳು ಅಷ್ಟೊಂದಿರುವಾಗ ಅದು ಎಲ್ಲ ಭಂಗಿಗಳನ್ನೂ ಹುಡುಕಿ ಮುಗಿಸುವುದಿಲ್ಲ. ದೊಡ್ಡ ಅಣುವಿಗೆ ಸ್ಕೋರ್ ತಾನಾಗಿಯೇ ಜಾಸ್ತಿ ಬರುವ ತೊಂದರೆ ಬೇರೆ. ರೊಸೆಟ್ಟಾದ ಫ್ಲೆಕ್ಸ್‌ಪೆಪ್‌ಡಾಕ್ ಅಥವಾ ಹ್ಯಾಡಾಕ್ ಬಳಸಿ.

ಮೊದಲು ಮಾಡಬೇಕಾದ ಕೆಲಸ ಹೊಸ ಪೆಪ್ಟೈಡ್ ಅಲ್ಲ, ಹಳೆಯದು. ಪಿಎಂಐ ಅಂತ 2009ರಲ್ಲಿ ಫೇಜ್ ಡಿಸ್ಪ್ಲೇ (ವೈರಸ್‌ಗಳ ಮೈಮೇಲೆ ಬೇಕಾದಷ್ಟು ಪೆಪ್ಟೈಡ್ ಇಟ್ಟು ಗಟ್ಟಿಯಾಗಿ ಹಿಡಿಯುವುದನ್ನು ಆರಿಸುವ ವಿಧಾನ) ಮೂಲಕ ಹುಡುಕಿದ 12 ಅಮೈನೋ ಆಮ್ಲಗಳ ಪೆಪ್ಟೈಡ್ ಇದೆ. ಎಂಡಿಎಂ2ಗೆ ಅದರ ಕೆಡಿ ಸುಮಾರು 3 ನ್ಯಾನೋಮೋಲಾರ್. ಎಂಟನೇ ಜಾಗದ ಆಸ್ಪರಜೀನ್ ತೆಗೆದು ಅಲನಿನ್ ಹಾಕಿದರೆ ಅರ್ಧ ನ್ಯಾನೋಮೋಲಾರ್‌ಗೆ ಇಳಿಯುತ್ತದೆ. ಮೂರನೇ ಫಿನೈಲಾಲನಿನ್ ಅಥವಾ ಏಳನೇ ಟ್ರಿಪ್ಟೋಫಾನ್ ಜಾಗಕ್ಕೆ ಅಲನಿನ್ ಬಂದರೆ ಹಿಡಿತ ಪೂರ್ತಿ ಕುಸಿಯುತ್ತದೆ. ರಚನೆಯೂ ಇದೆ, 3ಇಕ್ಯೂಎಸ್. ಈ ನಾಲ್ಕನ್ನೂ, ಜೊತೆಗೆ ಮೂಲ ಪಿ53 ತುಂಡನ್ನೂ ನಿಮ್ಮದೇ ಸೆಟಪ್‌ನಲ್ಲಿ ಓಡಿಸಿ. ಸಾಲು ಸರಿ ಬಂದರೆ ನಿಮ್ಮ ಹೊಸ ಪೆಪ್ಟೈಡ್ ಬಗ್ಗೆ ಮಾತಾಡಬಹುದು. ಬರದಿದ್ದರೆ −90 ಅಲ್ಲ, −190 ಬಂದರೂ ಅದಕ್ಕೆ ಬೆಲೆ ಇಲ್ಲ.

10 ನ್ಯಾನೋಸೆಕೆಂಡ್ ತೀರಾ ಕಡಿಮೆ. ಬೇರೆ ಬೇರೆ ಆರಂಭಿಕ ವೇಗ ಕೊಟ್ಟು ಕನಿಷ್ಠ ಮೂರು ಸಲವಾದರೂ ಓಡಿಸಿ, ಪ್ರತಿ ಸಲವೂ ನೂರಾರು ನ್ಯಾನೋಸೆಕೆಂಡ್. ಸುಮ್ನೆ ಆರ್‌ಎಂಎಸ್‌ಡಿ (ರಚನೆ ಆರಂಭದಿಂದ ಸರಾಸರಿ ಎಷ್ಟು ಸರಿಯಿತು ಅನ್ನುವ ಅಳತೆ) ಗ್ರಾಫ್ ಹಾಕಿ ಬಿಡಬೇಡಿ. ಟ್ರಿಪ್ಟೋಫಾನ್ 23ರ ಉಂಗುರದ ಎನ್ಎಚ್ ಎಂಡಿಎಂ2ನ ಲ್ಯೂಸಿನ್ 54ರ ಆಕ್ಸಿಜನ್ ಜೊತೆ ಹೈಡ್ರೋಜನ್ ಬಾಂಡ್ ಮಾಡಿಕೊಂಡಿರುತ್ತದೆ. ಆ ದೂರ ಕೊನೆಯವರೆಗೂ ಉಳಿಯಿತಾ, ಎಲ್ಲಿ ಬಿಟ್ಟುಹೋಯಿತು ಅನ್ನುವುದನ್ನು ಅಳೆದು ನೋಡಿ. ಒಂದು ಒಟ್ಟು ಸಂಖ್ಯೆ ಹೇಳದ ವಿಷಯವನ್ನು ಅದು ಹೇಳುತ್ತದೆ.

ಬೆಂಚ್_ಶಾಲಿನಿ:

ಮಂಜು ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ನಾನು ಪೆಪ್ಟೈಡ್ ಸಿಂಥೆಸಿಸ್ ಕಡೆಯವಳು. ಡಾಕಿಂಗ್ ಮಾಡುವವರು ಸಾಮಾನ್ಯವಾಗಿ ಪೆಪ್ಟೈಡ್ ಹಿಡಿದುಕೊಂಡ ಮೇಲಿನ ಚಿತ್ರವನ್ನಷ್ಟೇ ನೋಡುತ್ತಾರೆ. ಹಿಡಿಯುವ ಮೊದಲು ನೀರಿನಲ್ಲಿ ಅದು ಹೇಗಿರುತ್ತದೆ ಅಂತ ನೋಡುವುದೇ ಇಲ್ಲ. ಪಿ53ನ ಈ ತುಂಡು ನೀರಿನಲ್ಲಿ ಒಂಟಿಯಾಗಿದ್ದಾಗ ಬಹುಪಾಲು ಬಿಚ್ಚಿಕೊಂಡೇ ಇರುತ್ತದೆ, ಎಂಡಿಎಂ2ನ ಗುಳಿಯಲ್ಲಿ ಕೂರುವಾಗ ಹೆಲಿಕ್ಸ್ (ಸುರುಳಿ) ಆಗುತ್ತದೆ. ಹಾಗೆ ಸುತ್ತಿಕೊಳ್ಳಲು ಆಗುವ ಖರ್ಚು ನಿಮ್ಮ ಎಂಎಂ-ಜಿಬಿಎಸ್ಎ ಲೆಕ್ಕಕ್ಕೆ ಬಂದೇ ಇಲ್ಲ.

ಪ್ರೋಲಿನ್ 27 ನೋಡಿ, ಅದು ಗುಳಿಯ ಒಳಗೆ ಹೋಗುವ ಅಮೈನೋ ಆಮ್ಲವೇ ಅಲ್ಲ. ಅದನ್ನು ಅಲನಿನ್‌ಗೆ ಬದಲಿಸಿದರೆ ಹೆಲಿಕ್ಸ್ ಪ್ರಮಾಣ ಹೆಚ್ಚಿ ಎಂಡಿಎಂ2 ಜೊತೆಗಿನ ಹಿಡಿತ ಸುಮಾರು ಹತ್ತು ಪಟ್ಟು ಗಟ್ಟಿಯಾಯಿತು ಅಂತ 2014ರಲ್ಲಿ ತೋರಿಸಿದ್ದಾರೆ. ಡಾಕಿಂಗ್‌ನಲ್ಲಿ ಈ ಬದಲಾವಣೆ ಕಣ್ಣಿಗೇ ಬೀಳುವುದಿಲ್ಲ! ಆದ್ದರಿಂದ ನಿಮ್ಮ ಪ್ರತಿ ಪೆಪ್ಟೈಡನ್ನೂ ಎಂಡಿಎಂ2 ಇಲ್ಲದೆ ಬರೀ ನೀರಿನಲ್ಲಿ ಓಡಿಸಿ, ಎಷ್ಟು ಹೊತ್ತು ಹೆಲಿಕ್ಸ್ ಆಗಿ ಉಳಿಯಿತು ಅಂತ ಲೆಕ್ಕ ಹಾಕಿ. ವೆಟ್ ಲ್ಯಾಬ್ ಇಲ್ಲದೆಯೂ ಮಾಡಬಹುದಾದ ಒಳ್ಳೆ ಕೆಲಸ ಇದು.

ಹೆಲಿಕ್ಸ್ ಬಿಚ್ಚದ ಹಾಗೆ ಕಟ್ಟಿಹಾಕುವ ದಾರಿಯೇ ಸ್ಟೇಪಲ್ಡ್ ಪೆಪ್ಟೈಡ್. ಒಂದು ಅಥವಾ ಎರಡು ಸುತ್ತು ದೂರದ ಎರಡು ಅಮೈನೋ ಆಮ್ಲಗಳನ್ನು ಹೈಡ್ರೋಕಾರ್ಬನ್ ಸರಪಳಿಯಿಂದ ಜೋಡಿಸುತ್ತಾರೆ. ಎಟಿಎಸ್‌ಪಿ-7041 ಹೀಗೆ ಮಾಡಿದ್ದು, ಅದು ಎಂಡಿಎಂ2 ಮತ್ತು ಅದರ ಹತ್ತಿರದ ಬಂಧು ಪ್ರೋಟೀನ್ ಎಂಡಿಎಂಎಕ್ಸ್ ಎರಡನ್ನೂ ಹಿಡಿಯುತ್ತದೆ. ನಿಮಗೆ ಸ್ಟೇಪಲ್ ಕಷ್ಟ ಅನ್ನಿಸಿದರೆ ಹೆಲಿಕ್ಸ್ ಆಗಲು ಒತ್ತು ಕೊಡುವ ಎಐಬಿ ಅನ್ನುವ ಅಮೈನೋ ಆಮ್ಲ ಹಾಕಿ ನೋಡಿ. ಬೆಂಗಳೂರಿನ ಐಐಎಸ್ಸಿಯಲ್ಲಿ ಪಿ. ಬಲರಾಮ್ ಅವರ ಗುಂಪು ಎಐಬಿ ಇರುವ ಹೆಲಿಕ್ಸ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆ ಪೇಪರ್‌ಗಳನ್ನು ಓದದೆ ಈ ವಿಷಯಕ್ಕೆ ಇಳಿಯಬಾರದು ಅನ್ನುವುದು ನನ್ನ ಅಭಿಪ್ರಾಯ.

ಹೆಲಿಕ್ಸ್_ಹುಡುಗಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಪಿಎಂಐ ಸಾಲಿನಿಂದಲೇ ಶುರು ಮಾಡುತ್ತೇನೆ. ಇನ್ನೊಂದು ಪ್ರಶ್ನೆ. ಈಗ ಹೊಸ ಪ್ರೋಟೀನ್ ಡಿಸೈನ್ ಮಾಡುವ ಆರ್‌ಎಫ್‌ಡಿಫ್ಯೂಷನ್, ರಚನೆ ಊಹಿಸುವ ಆಲ್ಫಾಫೋಲ್ಡ್ ಎಲ್ಲ ಇರುವಾಗ ಒಂದೊಂದೇ ಅಮೈನೋ ಆಮ್ಲ ಬದಲಿಸುತ್ತಾ ಕೂರುವುದಕ್ಕೆ ಅರ್ಥ ಇದೆಯಾ? ಮತ್ತೆ ಜೀವಕೋಶದ ಒಳಗೆ ಹೋಗುತ್ತದಾ ಅನ್ನುವುದನ್ನು ಕಂಪ್ಯೂಟರ್‌ನಲ್ಲಿ ಹೇಳಲು ಆಗುತ್ತದಾ?

ಕೋಶ_ಕಾರ್ತಿಕ್:

ಮೊದಲನೆಯದಕ್ಕೆ: ಇದೆ. ಆ ಟೂಲ್‌ಗಳು ನಿಜಕ್ಕೂ ದೊಡ್ಡವು, 2024ರ ಕೆಮಿಸ್ಟ್ರಿ ನೊಬೆಲ್ ಬಂದಿದ್ದೂ ಪ್ರೋಟೀನ್ ಡಿಸೈನ್ ಮತ್ತು ರಚನೆ ಊಹಿಸುವ ಕೆಲಸಕ್ಕೇ. ಆದರೆ ಆಲ್ಫಾಫೋಲ್ಡ್ ಕಲಿತದ್ದೇ ಪಿಡಿಬಿ ರಚನೆಗಳಿಂದ, ಪಿ53–ಎಂಡಿಎಂ2 ಅಲ್ಲಿ ಬೇಕಾದಷ್ಟಿವೆ. ಹಾಗಾಗಿ ಮೂರು ಮುಖ್ಯ ಅಮೈನೋ ಆಮ್ಲ ಇಟ್ಟು ಏನೇ ಕೊಟ್ಟರೂ ಅದು ಗುಳಿಯಲ್ಲಿ ಕೂರಿಸಿ ತೋರಿಸುವ ಸಾಧ್ಯತೆ ಜಾಸ್ತಿ. ಭಂಗಿ ಸರಿ ಇದೆ ಅಂದ ಮಾತ್ರಕ್ಕೆ ಹಿಡಿತ ಗಟ್ಟಿ ಇದೆ ಅಂತ ಅಲ್ಲ. ಅಲನಿನ್ ಹಾಕಿ ಹಿಡಿತ ಕುಸಿದ ಪಿಎಂಐಯನ್ನೂ ಅದಕ್ಕೆ ಕೊಟ್ಟು ನೋಡಿ. ಅದನ್ನೂ ನೀಟಾಗಿ ಕೂರಿಸಿದರೆ ಎಷ್ಟು ನಂಬಬೇಕು ಅಂತ ನಿಮಗೇ ತಿಳಿಯುತ್ತದೆ.

ಎರಡನೆಯದು ಕಷ್ಟದ ಪ್ರಶ್ನೆ. ಎಂಡಿಎಂ2 ಇರುವುದು ಜೀವಕೋಶದ ಒಳಗೆ. ಮೂಲ ಪಿ53 ತುಂಡಿನಲ್ಲಿ ಗ್ಲುಟಾಮಿಕ್, ಆಸ್ಪಾರ್ಟಿಕ್ ಆಮ್ಲಗಳಿಂದ ಋಣ ಚಾರ್ಜ್ ಇದೆ, ಅಂಥದ್ದು ಒಳಗೆ ಹೋಗಲು ಒದ್ದಾಡುತ್ತದೆ. 2007ರಲ್ಲಿ ಪಿ53 ಸ್ಟೇಪಲ್ಡ್ ಪೆಪ್ಟೈಡ್ ಮಾಡಿದವರು ಚಾರ್ಜ್ ಸರಿಪಡಿಸಿದ ಮೇಲೇ ಅದು ಕೋಶದೊಳಗೆ ಹೋಗಿದ್ದು. ನಿಮ್ಮ ಟೇಬಲ್‌ನಲ್ಲಿ ಒಟ್ಟು ಚಾರ್ಜ್‌ಗೆ ಒಂದು ಕಾಲಂ ಇಡಿ, ಅಷ್ಟು ಖಂಡಿತ ಮಾಡಬಹುದು. ಹಾಗಂತ ಧನ ಚಾರ್ಜನ್ನೂ ಎಣ್ಣೆಯಂಥ ಗುಣವನ್ನೂ ಸಿಕ್ಕಾಪಟ್ಟೆ ಏರಿಸಿದರೆ ಪೆಪ್ಟೈಡ್ ಕೋಶದ ಪೊರೆಯನ್ನೇ ಹರಿದು ಹಾಕುತ್ತದೆ. ಆಗ ಕ್ಯಾನ್ಸರ್ ಕೋಶ ಸಾಯುವುದು ನಿಜ, ಆದರೆ ಅದಕ್ಕೂ ಪಿ53ಗೂ ಸಂಬಂಧ ಇರುವುದಿಲ್ಲ. ಅದಕ್ಕೇ ಎಚ್‌ಸಿಟಿ116 ಅನ್ನುವ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಪಿ53 ಇರುವ ಮತ್ತು ತೆಗೆದುಹಾಕಿದ ಜೋಡಿಯನ್ನು ಒಟ್ಟಿಗೆ ಟೆಸ್ಟ್ ಮಾಡುತ್ತಾರೆ. ಪಿ53 ಇಲ್ಲದವೂ ಅಷ್ಟೇ ಸತ್ತರೆ ಆ ಪೆಪ್ಟೈಡ್ ನೀವು ಅಂದುಕೊಂಡ ಕೆಲಸ ಮಾಡುತ್ತಿಲ್ಲ.

ಹಿಡಿತ, ಕೋಶಪ್ರವೇಶ ಎರಡೂ ಗೆದ್ದರೂ ರೋಗಿಯ ಹತ್ತಿರ ದಾರಿ ಉದ್ದವೇ. ಎಎಲ್ಆರ್‌ಎನ್-6924 ಇದೇ ಜಾತಿಯ ಸ್ಟೇಪಲ್ಡ್ ಪೆಪ್ಟೈಡ್, ಮನುಷ್ಯರ ಮೇಲಿನ ಟ್ರಯಲ್‌ವರೆಗೂ ಹೋಯಿತು. ಕೀಮೋದ ಅಡ್ಡಪರಿಣಾಮದಿಂದ ಆರೋಗ್ಯವಂತ ಕೋಶಗಳನ್ನು ಕಾಪಾಡಲು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಅದನ್ನು ಕೊಟ್ಟು ನೋಡಿದ ಟ್ರಯಲ್ 2023ರಲ್ಲಿ ನಿಂತಿತು. ಇಷ್ಟು ಗೊತ್ತಿದ್ದೂ ಥೀಸಿಸ್‌ನಲ್ಲಿ "ಔಷಧಿ ಆಗಬಲ್ಲದು" ಅಂತ ಬರೆಯುವುದು ಸರಿಯಲ್ಲ ಅಲ್ವಾ? "ಪಿಎಂಐ ಸಾಲನ್ನು ಸರಿಯಾಗಿ ಕೊಟ್ಟ ಸೆಟಪ್‌ನಲ್ಲಿ ಈ ಪೆಪ್ಟೈಡ್‌ಗಳು ಮುಂದೆ ಬಂದಿವೆ, ಟೆಸ್ಟ್ ಮಾಡಲು ತಕ್ಕವು" ಅಂತ ಬರೆಯಿರಿ.

ಬೆಂಚ್_ಶಾಲಿನಿ:

ಕಾರ್ತಿಕ್ ಹೇಳಿದ ಟೇಬಲ್‌ಗೆ ಎಂಡಿಎಂಎಕ್ಸ್ ಕಾಲಂ ಕೂಡ ಹಾಕಿ. ಪಿಎಂಐ ಅದರ ಜೊತೆ ಇರುವ ರಚನೆ 3ಇಕ್ಯೂವೈ. ಸಾಲು ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.