ಸಹಾಯ ಬೇಕು: ಬಿಐಎಂ ಮಾದರಿಯಿಂದ ಶಾಖದ ಲೆಕ್ಕಕ್ಕೆ ಹೋಗುವಾಗ ಮುರಕಲ್ಲಿನ ಮಾಹಿತಿ ಕಳೆದುಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ನಾಲ್ಕು ಅಂತಸ್ತಿನ ವಸತಿ ಸಮುಚ್ಚಯವೊಂದರ ಬಿಐಎಂ ಮಾದರಿ (ಆಕಾರದ ಜೊತೆಗೆ ಭಾಗಗಳ, ವಸ್ತುಗಳ ಮಾಹಿತಿಯೂ ಇರುವ ಕಟ್ಟಡದ ಗಣಕ ಮಾದರಿ) ಸಿದ್ಧಪಡಿಸುತ್ತಿದ್ದೇನೆ. ಕಾಂಕ್ರೀಟ್ ಚೌಕಟ್ಟು, ನಡುವೆ ಮುರಕಲ್ಲಿನ ಗೋಡೆ. ವಸತಿ ಕಟ್ಟಡಗಳ ಇಂಧನ ಉಳಿತಾಯದ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತಾ 2018ರ ಪ್ರಕಾರ ಹೊರಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖದ ಪ್ರಮಾಣ, ಅಂದರೆ ಆರ್‌ಇಟಿವಿ, ಚದರ ಮೀಟರಿಗೆ 15 ವ್ಯಾಟ್ ಮೀರುವಂತಿಲ್ಲ. ಇದನ್ನು ಮಾದರಿಯಿಂದಲೇ ಲೆಕ್ಕ ಹಾಕಬೇಕೆಂಬುದು ನನ್ನ ಹಟ. ಕಿಟಕಿ ಬದಲಾದಾಗಲೆಲ್ಲ ಬೇರೆ ಎಕ್ಸೆಲ್ ಹಾಳೆ ತಿದ್ದುತ್ತ ಕುಳಿತರೆ ಬಿಐಎಂ ಬರೀ ಚಂದದ ಚಿತ್ರವಾಗಿ ಉಳಿಯುತ್ತದೆ.

ತೊಡಕು ಇಷ್ಟು: ಮಾದರಿಯನ್ನು ತಂತ್ರಾಂಶಗಳ ನಡುವೆ ಸಾಗಿಸಲು ಬಳಸುವ ಐಎಫ್‌ಸಿ 4 ಕಡತವಾಗಿಸಿ, ಕಟ್ಟಡದ ಶಾಖ ಲೆಕ್ಕ ಹಾಕುವ ತಂತ್ರಾಂಶವಾದ ಎನರ್ಜಿಪ್ಲಸ್‌ಗೆ ಒಯ್ದಾಗ ಗೋಡೆಯ ಆಕಾರ, ದಪ್ಪ ಸರಿಯಾಗಿ ಬರುತ್ತವೆ. ಶಾಖವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಮಾತ್ರ ಮೂರೂ ಖಾಲಿ. ಅಡುಗೆಮನೆಗೂ ಬಾಲ್ಕನಿಗೂ ನಡುವಿನ ಗೋಡೆ ಹೊರಗೋಡೆಯಾಗುವ ಬದಲು ಒಳಗೋಡೆಯೆಂದೇ ದಾಖಲಾಗುತ್ತಿದೆ. ಎರಡನೇ ಹಂತದ ಸ್ಪೇಸ್ ಬೌಂಡರಿ (ಗೋಡೆಯ ಆಚೆ ಬದಿಯಲ್ಲಿ ಏನಿದೆ ಎಂಬುದನ್ನೂ ನೋಡಿ ಕೋಣೆಯ ಗಡಿ ಗುರುತಿಸುವ ಆಯ್ಕೆ) ಆರಿಸಿದರೂ ಫಲವಿಲ್ಲ. ಇಂಧನ ಲೆಕ್ಕಕ್ಕೆಂದೇ ಇರುವ ಇನ್ನೊಂದು ಕಡತ ರೂಪವಾದ ಜಿಬಿಎಕ್ಸ್‌ಎಂಎಲ್ ದಾರಿಯಲ್ಲಿ ಹೋದರೆ ಈ ಮಾಹಿತಿ ಉಳಿಯುತ್ತದೆಯೇ? ಬಾಲ್ಕನಿಯನ್ನು ಸ್ಪೇಸ್ (ಕೋಣೆಯಂಥ ಪ್ರತ್ಯೇಕ ಜಾಗ) ಎಂದು ಗುರುತಿಸದೆ ಬಿಡಬೇಕೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಇನ್ನೊಂದು ಮುಖ್ಯ ಕೋರಿಕೆ. ತಂತ್ರಾಂಶದ ವಸ್ತುಪಟ್ಟಿಯಲ್ಲಿ ಇಟ್ಟಿಗೆ, ಕಾಂಕ್ರೀಟ್ ಇವೆ, ಮುರಕಲ್ಲು ಇಲ್ಲ. ಇಟ್ಟಿಗೆಯ ಅಂಕಿಯನ್ನೇ ತುಂಬಿಸಲು ಮನಸ್ಸು ಒಪ್ಪುತ್ತಿಲ್ಲ. ಕೋರೆಯಿಂದ ಕೋರೆಗೆ ಕಲ್ಲಿನ ರಂಧ್ರಗಳು ಬೇರೆ. ಮಳೆಗಾಲದಲ್ಲಿ ನೀರು ಹೀರಿದ ಕಲ್ಲು ಶಾಖವನ್ನು ಇನ್ನಷ್ಟು ಸಲೀಸಾಗಿ ಸಾಗಿಸುತ್ತದೆ. ಕರಾವಳಿಯ ಮುರಕಲ್ಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಅಂಕಿಗಳು, ಒಣ ಮತ್ತು ಒದ್ದೆ ಎರಡೂ ಸ್ಥಿತಿಯವು, ಯಾರ ಬಳಿಯಾದರೂ ಇದ್ದರೆ ಬಹಳ ಉಪಕಾರವಾಗುತ್ತದೆ.

ಒಂದೇ ಕೋಣೆಯ ಪರೀಕ್ಷಾ ಕಡತ ಸಿದ್ಧವಿದೆ, ಕೇಳಿದವರಿಗೆ ಕಳುಹಿಸುತ್ತೇನೆ.