ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಿಜವಾಗಿ ಎಷ್ಟು ಗಂಟೆ?

ಹಾಸನದ ಹುಡುಗ
ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್‌ನಲ್ಲಿರೋ ಅಕ್ಕನ ಮನೆಗೆ ಕಳಿಸಬೇಕು. ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ, ಒಬ್ಬರೇ, ಮಂಡಿ ನೋವು ಬೇರೆ. ನೇರ ದೂರ ಸುಮಾರು 14,000 ಕಿ.ಮೀ. ಅಂತ ನೆಟ್‌ನಲ್ಲಿದೆ. ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ ಗಂಟೆ ಆಗಬೇಕು ಅಲ್ವಾ? ಟಿಕೆಟ್ ನೋಡಿದರೆ 22, 25, 29 ಅಂತ ಬರುತ್ತಿದೆ. ಹೋಗೋದಕ್ಕೂ ಬರೋದಕ್ಕೂ ಸಮಯ ಬೇರೆ ಬೇರೆ. ಯಾವುದನ್ನು ನಂಬೋದು?

ಬೇ ಏರಿಯಾ ಕನ್ನಡಿಗ
ದೂರವನ್ನು ವೇಗದಿಂದ ಭಾಗಿಸಿದರೆ ಸರಿ ಉತ್ತರ ಸಿಗಲ್ಲ ಸರ್, ಮೇಲೆ ಬೀಸೋ ಗಾಳಿ ಆ ಲೆಕ್ಕವನ್ನೆಲ್ಲ ಬದಲಾಯಿಸಿಬಿಡುತ್ತೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲು ಅಟ್ಲಾಂಟಿಕ್ ಮೇಲಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೆಸಿಫಿಕ್ ಕಡೆಯಿಂದ ಹಾರಿಸಿದರು. ದೂರ 15,300 ಕಿ.ಮೀ. ಆಯ್ತು, ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು! ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೋರು ಗಾಳಿ ಹಿಂದಿನಿಂದ ತಳ್ಳುತ್ತೆ, ಅದಕ್ಕೇ. ಸೀಟಿನ ಮುಂದಿನ ಪರದೆಯಲ್ಲಿ ವೇಗ ತೋರಿಸ್ತಾರೆ ನೋಡಿ, ಗಾಳಿ ಹಿಂದಿದ್ದಾಗ 1,000 ದಾಟುತ್ತೆ, ಎದುರು ಬಂದರೆ 800ರ ಹತ್ತಿರ ಇಳಿಯುತ್ತೆ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂತಲ್ಲ, ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ತಂದರು. ಅದಕ್ಕೂ ಹತ್ತಿರ ಹತ್ತಿರ 17 ಗಂಟೆ ಬೇಕಾಯಿತು.

ಶಿವಮೊಗ್ಗ ಅಕ್ಕ
ನಿಮಗೆ ಕಾಣ್ತಿರೋ 22 ಗಂಟೆಯಲ್ಲಿ ನಡುವೆ ಇಳಿದು ಕಾಯೋ ಹೊತ್ತೂ ಸೇರಿದೆ. ದುಬೈ ದಾರಿ ಹಿಡಿದರೆ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಸಮನೆ ಹದಿನಾರು ಗಂಟೆಯ ಆಸುಪಾಸು, ಉಳಿದಿದ್ದು ಕಾಯೋದು. ಅಮ್ಮನಿಗೆ ಎರಡು ಮೂರು ಗಂಟೆ ಬಿಡುವಿರೋ ಟಿಕೆಟ್ಟೇ ಒಳ್ಳೇದು, ಒಂದು ಗಂಟೆಯದು ಅಗ್ಗವಾದರೂ ಬೇಡ. ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಕರೆದುಕೊಂಡು ಹೋಗೋರು ಇಮಿಗ್ರೇಷನ್ ತನಕ ಜೊತೆಗಿರ್ತಾರೆ. ಇನ್ನೊಂದು ಮುಖ್ಯ: ಅಮೆರಿಕದೊಳಗೆ ವಿಮಾನ ಬದಲಿಸೋ ಟಿಕೆಟ್ ತೆಗೀಬೇಡಿ. ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಸೂಟ್‌ಕೇಸ್ ತಗೊಂಡು ಮತ್ತೆ ಕೊಡಬೇಕಾಗುತ್ತೆ. ಇಂಗ್ಲಿಷ್ ಬರದವರಿಗೆ ಅದು ತುಂಬಾ ಕಷ್ಟ.

ಹಾಸನದ ಹುಡುಗ
ತುಂಬಾ ಥ್ಯಾಂಕ್ಸ್ ಅಕ್ಕ. ಸೋಮವಾರ ಬೆಳಗಿನ ಜಾವ ಹೊರಟು ಸೋಮವಾರ ಮಧ್ಯಾಹ್ನವೇ ತಲುಪೋದು ಅಂತಿದೆ, ಅದು ಸರೀನಾ?

ಬೇ ಏರಿಯಾ ಕನ್ನಡಿಗ
ಸರಿ ಇದೆ. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ನಮ್ಮೂರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೆಳಿಗ್ಗೆ 4ಕ್ಕೆ ಹೊರಟು 22 ಗಂಟೆ ಕಳೆದರೆ ಇಲ್ಲಿ ಅದೇ ದಿನ ಮಧ್ಯಾಹ್ನ ಒಂದೂವರೆ. ವಾಪಸ್ ಬರುವಾಗ ತಿರುಗಾಮುರುಗಾ: ಸೋಮವಾರ ಸಂಜೆ 4ಕ್ಕೆ ಹತ್ತಿದರೆ ಬೆಂಗಳೂರಲ್ಲಿ ಇಳಿಯೋದು ಬುಧವಾರ ಬೆಳಗಿನ ಜಾವ ಎರಡೂವರೆಗೆ. ಏರ್‌ಪೋರ್ಟ್‌ಗೆ ಟ್ಯಾಕ್ಸಿ ಹೇಳುವಾಗ ಮಂಗಳವಾರ ರಾತ್ರಿಗೇ ಹೇಳಿ.